ಎರೆಮಣ್ಣಿನ ಮೇಲೆ ಕಾರ್ಪೆಟ್ಟಿನ ಕಾರು

ಐನಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನನಗೂ ನನ್ನ ಕಾಕಾನ ಮಗನಿಗೂ ಒಂದೇ ಅಂಗಡಿಯಿಂದ ಒಂದೇ ನಮೂನೆಯ ಎರಡು ರಿಮೋಟ್ ಕಾರು ಕೊಡಿಸಿದ್ದರು. ನನಗೂ ಕೊಡಿಸಬೇಕೆಂಬ ವಿಚಾರ ಹಿರಿಯರಿಗೆ ಮೊದಲು ಇರಲಿಲ್ಲ. ಹುಡುಗಿಗೆ ಕಾರು ಯಾಕೆ ಅಂದರು. ನಾನು ಅತ್ತು ಪಡೆದೆ. ಮನೆಗೆ ಬಂದು ಅಂಗಳದಲ್ಲಿ ಬಿಟ್ಟಾಗ ಒಂದು ವಿಚಿತ್ರ ನಡೆಯಿತು. ಅವನು ಗುಂಡಿ ಒತ್ತಿದರೆ ನನ್ನ ಕಾರೂ ಹಿಂದೆ ಸರಿದು ತಿರುಗುತ್ತಿತ್ತು. ನಾನು ಒತ್ತಿದರೆ ಅವನದೂ ತಿರುಗುತ್ತಿತ್ತು. ಸ್ವಲ್ಪ ಹೊತ್ತು ನಕ್ಕೆವು, ಆಮೇಲೆ ಜಗಳಾಡಿದೆವು. ಕೊನೆಗೆ ಒಬ್ಬರು ಆಡುವಾಗ ಇನ್ನೊಬ್ಬರು ಕಾರಿನ ಸ್ವಿಚ್ ಆರಿಸಿ ಕೂರಬೇಕು ಎಂದು ತೀರ್ಮಾನವಾಯಿತು. ಹೆಚ್ಚು ಹೊತ್ತು ಕೂತವಳು ಯಾರೆಂದು ಹೇಳಬೇಕಾಗಿಲ್ಲ.

ಆ ಆಟಿಕೆಗಳೆರಡೂ ಒಂದೇ ತರಂಗಾಂತರದಲ್ಲಿ ಕೆಲಸ ಮಾಡುತ್ತಿದ್ದವು ಎಂಬುದು ಬಹಳ ವರ್ಷಗಳ ನಂತರ ತಿಳಿಯಿತು. ಜಾತ್ರೆಯ ಆಟಿಕೆಗಳಿಗೆ ಮಾತ್ರ ಇದ್ದ ತೊಂದರೆ ಇದಲ್ಲ. ಸ್ಪರ್ಧೆಗೆಂದೇ ತಯಾರಾಗುವ ರೇಡಿಯೊ ನಿಯಂತ್ರಿತ ಕಾರುಗಳ ಲೋಕದಲ್ಲೂ ದಶಕಗಳ ಕಾಲ ಇದೇ ಪಾಡು. 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಆರು ಮಾರ್ಗಗಳು, ಅವಕ್ಕೆ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಆರು ಬಣ್ಣಗಳು. ಒಬ್ಬೊಬ್ಬ ಸ್ಪರ್ಧಿಯೂ ತನ್ನ ರಿಮೋಟಿಗೂ ಕಾರಿಗೂ ಒಂದೇ ಬಣ್ಣದ ಸ್ಫಟಿಕದ ಜೋಡಿ ಸಿಕ್ಕಿಸಬೇಕು. ಪಂದ್ಯದ ದಿನ ರಿಮೋಟುಗಳನ್ನು ಸಂಘಟಕರ ವಶಕ್ಕೆ ಕೊಟ್ಟು ತನ್ನ ಸರದಿ ಬಂದಾಗ ಪಡೆಯಬೇಕು. ಮರೆತು ಯಾರೋ ಒಬ್ಬ ಮೂಲೆಯಲ್ಲಿ ಸ್ವಿಚ್ ಹಾಕಿದರೆ ಅಂಕಣದಲ್ಲಿ ಓಡುತ್ತಿರುವ ಇನ್ನೊಬ್ಬನ ಕಾರು ಗೋಡೆಗೆ ಹೋಗಿ ಬಡಿಯುತ್ತಿತ್ತು. ಈಗ 2.4 ಗಿಗಾಹರ್ಟ್ಸ್‌ನ ಉಪಕರಣಗಳು ಬಂದು, ಪ್ರತಿ ರಿಮೋಟೂ ತನ್ನ ಕಾರನ್ನು ತಾನೇ ಗುರುತು ಹಿಡಿಯುತ್ತದೆ. ಸ್ಫಟಿಕ, ಬಣ್ಣ, ಸರದಿ ಎಲ್ಲವೂ ಮಾಯ.

ಹಾಗಾಗಿ ‘ಈ ಹವ್ಯಾಸ ವರ್ಷದಿಂದ ವರ್ಷಕ್ಕೆ ಜಟಿಲವಾಗುತ್ತಿದೆ’ ಎಂಬ ದೂರು ಕೇಳಿದಾಗ ನಾನು ಪೂರ್ತಿ ಒಪ್ಪುವುದಿಲ್ಲ. ಕೆಲವು ಜಟಿಲತೆಗಳು ಹೋಗಿವೆ, ಕೆಲವು ಮುಚ್ಚಿದ ಡಬ್ಬಿಯೊಳಗೆ ಸೇರಿ ಕಾಣದಾಗಿವೆ, ಕೆಲವು ಹೊಸದಾಗಿ ಹುಟ್ಟಿವೆ. ಯಾವುದು ಎಲ್ಲಿ ಹುಟ್ಟಿತು, ಯಾವ ನೆಲಕ್ಕಾಗಿ ಹುಟ್ಟಿತು ಎಂದು ಕೇಳದೆ ಒಟ್ಟಾರೆ ಗೊಣಗಿದರೆ ಅದು ವಿಮರ್ಶೆಯಾಗುವುದಿಲ್ಲ. ನಾನು ಜಾತ್ರೆಗಳ ಆಟಗಳ ಬಗ್ಗೆ ಸಂಶೋಧನೆ ಮಾಡುವವಳು. ಮೋಟರು, ಗೇರುಗಳಲ್ಲಿ ಪರಿಣತಿಯಿಲ್ಲ. ಆದರೆ ಕಳೆದ ರಜೆಯಲ್ಲಿ ಅದೇ ಕಾಕಾನ ಮಗ ಊರಿಗೆ ತಂದ ಕಾರೊಂದು ನನ್ನ ಸಂಶೋಧನೆಯ ಬಗ್ಗೆಯೇ ಅನುಮಾನ ಹುಟ್ಟಿಸಿತು. ಅದಕ್ಕಾಗಿ ಈ ಬರಹ.

ಅವನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ ಇಂಥ ಕಾರುಗಳ ಪಂದ್ಯ ಇರುತ್ತದೆ. ಓದು ಮುಗಿಸಿ ಹೋಗುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬನಿಂದ ಸೆಕೆಂಡ್ ಹ್ಯಾಂಡ್ ಬಗ್ಗಿ ಕೊಂಡಿದ್ದ. ನಿಜವಾದ ಗಾಡಿಯ ಹತ್ತನೇ ಒಂದರ ಅಳತೆ, ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ. ಎರಡು ಕೈಯಲ್ಲಿ ಆರಾಮಾಗಿ ಹಿಡಿಯಬಹುದು. ಜೊತೆಗೆ ಒಂದು ಹಾಳೆ. ಅದಕ್ಕೆ ಅವರು ‘ಸೆಟಪ್ ಶೀಟ್’ ಅನ್ನುತ್ತಾರೆ. ಯುರೋಪಿನ ಯಾವನೋ ಸ್ಪರ್ಧಿ ಅದೇ ಮಾದರಿಯ ಕಾರನ್ನು ಹೇಗೆ ಹೊಂದಿಸಿಕೊಂಡಿದ್ದ ಎಂಬುದರ ದಾಖಲೆ.

ಆ ಹಾಳೆಯನ್ನು ನಾನು ಒಂದು ಪಠ್ಯದಂತೆ ಓದಿದೆ. ನಮಗೆ ಗೊತ್ತಿರುವುದು ಅದೊಂದೇ ತಾನೇ. ಗಾಲಿ ಎಷ್ಟು ಡಿಗ್ರಿ ಒಳಕ್ಕೆ ವಾಲಿರಬೇಕು. ಮುಂಗಾಲಿಗಳ ಮೂತಿ ಒಳಮುಖವೋ ಹೊರಮುಖವೋ. ತಳ ನೆಲದಿಂದ ಎಷ್ಟು ಮಿಲಿಮೀಟರ್ ಮೇಲೆ. ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಎಷ್ಟು ದಪ್ಪ, ಅದರ ಪಿಸ್ಟನ್ನಿಗೆ ಎಷ್ಟು ತೂತು, ಸ್ಪ್ರಿಂಗ್ ಯಾವ ಬಣ್ಣ. ಡಿಫರೆನ್ಷಿಯಲ್ಲಿನಲ್ಲಿ ಯಾವ ಎಣ್ಣೆ. ಟೈರಿನ ರಬ್ಬರು ಎಷ್ಟು ಮೆತ್ತಗೆ, ಅದರೊಳಗಿನ ಫೋಮು ಯಾವುದು. ಒಂದು ಕೊಂಡಿಯ ಕೆಳಗೆ ಒಂದು ಮಿಲಿಮೀಟರಿನ ವಾಷರ್ ಇಟ್ಟರೆ ಒಂದು ಗುಣ, ತೆಗೆದರೆ ಇನ್ನೊಂದು. ಎಂ.ಎ.ದಲ್ಲಿ ನಮಗೆ ಗ್ರಂಥಸಂಪಾದನೆ ಕಲಿಸುವಾಗ ಪಾಠಾಂತರಗಳ ಪಟ್ಟಿ ಹೀಗೇ ಇರುತ್ತಿತ್ತು. ಒಂದು ಅಕ್ಷರ ಆಚೀಚೆಯಾದರೆ ಇಡೀ ಪದ್ಯದ ಅರ್ಥ ಬೇರೆ. ಅಡಿಗರ ಕಾಲದಲ್ಲಿ ನವ್ಯಕಾವ್ಯ ಕ್ಲಿಷ್ಟವೆಂದು ದೂರಿದವರ ನೆನಪೂ ಆಯಿತು. ಕ್ಲಿಷ್ಟತೆಯಲ್ಲಿ ತಪ್ಪೇನಿಲ್ಲ, ಅದಕ್ಕೆ ಕಾರಣವಿದ್ದರೆ.

ಕಾರಣಗಳನ್ನು ಹುಡುಕಿಕೊಂಡು ಈ ಹವ್ಯಾಸದ ಚರಿತ್ರೆಯೊಳಗೆ ಇಳಿದೆ. ಇಟಲಿಯ ಎಲೆಟ್ರೊನಿಕಾ ಜೊಕಾಟೊಲಿ ಎಂಬ ಕಂಪನಿ 1966ರಲ್ಲಿ ತಂದ ಫೆರಾರಿ ಮಾದರಿಯನ್ನು ಮಾರಾಟಕ್ಕೆ ಬಂದ ಮೊದಲ ರೇಡಿಯೊ ಕಾರುಗಳಲ್ಲಿ ಎಣಿಸುತ್ತಾರೆ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಹನ್ನೆರಡನೇ ಒಂದರ ಅಳತೆಯ ಪೋರ್ಷೆ 934 ತಂದಿತು. ನೋಡಲು ಇಡುವ ಮಾದರಿಯ ಅಂದವೂ ಓಡುವ ಮೋಟರೂ ಅದರಲ್ಲಿ ಕೂಡಿದವು. 1979ರಲ್ಲಿ ಅದೇ ಕಂಪನಿಯ ಸ್ಯಾಂಡ್ ಸ್ಕಾರ್ಚರ್ ಬಂತು. ಹೆಸರೇ ಹೇಳುವಂತೆ ಮರಳಿನಲ್ಲಿ ಓಡಲೆಂದು ಕಟ್ಟಿದ ಬಗ್ಗಿ ಅದು. 1984ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10 ಬಂದಮೇಲೆ ಚಿತ್ರ ಬದಲಾಯಿತು. ಅಲ್ಯೂಮಿನಿಯಂ ತಳದ, ಸ್ಪರ್ಧೆಯನ್ನೇ ಮನಸ್ಸಿನಲ್ಲಿಟ್ಟುಕೊಂಡ ಕಾರು. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ಅಳತೆಯ ಮಣ್ಣಿನ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು.

ಈ ಕಾರುಗಳೆಲ್ಲ ಬಿಡಿಭಾಗಗಳ ಪೆಟ್ಟಿಗೆಯಾಗಿ ಬರುತ್ತಿದ್ದವು. ಕೊಂಡವನು ಕಟ್ಟಬೇಕು, ಕಟ್ಟಿದವನಿಗೆ ಯಾವ ತಿರುಪು ಯಾಕಿದೆ ಎಂಬುದು ಗೊತ್ತಿರುತ್ತಿತ್ತು. 1.2 ವೋಲ್ಟಿನ ಆರು ನಿಕ್ಕಲ್ ಕ್ಯಾಡ್ಮಿಯಂ ಕೋಶ ಸೇರಿ 7.2 ವೋಲ್ಟ್. ಅದರ ಕಸುವು ಕೆಲವೇ ನಿಮಿಷಗಳದ್ದು, ಆದ್ದರಿಂದ ಪಂದ್ಯವೂ ನಾಲ್ಕೈದು ನಿಮಿಷದ್ದು. ಮೊದಲೇ ವೇಗ ಒತ್ತಿದವನ ಬ್ಯಾಟರಿ ಕೊನೆಯ ಸುತ್ತಿನಲ್ಲಿ ಕೈಕೊಡುತ್ತಿತ್ತು. ಮೋಟರಿನ ಇಂಗಾಲದ ಬ್ರಷ್ ಸವೆಯುತ್ತಿತ್ತು, ಅದು ಉಜ್ಜುವ ತಾಮ್ರದ ಭಾಗವನ್ನು ಪುಟ್ಟ ಲೇತಿನ ಮೇಲೆ ನುಣುಪು ಮಾಡಿಕೊಳ್ಳುತ್ತಿದ್ದರು. ಈಗ ಬ್ರಷ್ ಇಲ್ಲದ ಮೋಟರು, ಎರಡು ಕೋಶದ 7.4 ವೋಲ್ಟಿನ ಲೈಪೊ ಬ್ಯಾಟರಿ. ಲೇತ್ ಬೇಡ. ಬ್ಯಾಟರಿ ಐದು ನಿಮಿಷಕ್ಕೆ ಮುಗಿಯುವುದಿಲ್ಲ, ಆದರೂ ಬಗ್ಗಿ ಪಂದ್ಯಗಳು ಬಹುಪಾಲು ಐದು ನಿಮಿಷದವಾಗಿಯೇ ಉಳಿದಿವೆ. ಕಾರಣ ಹೋದರೂ ರೂಢಿ ನಿಂತಿತು. ಜಾತ್ರೆಯ ಆಚರಣೆಗಳನ್ನು ಬರೆದುಕೊಳ್ಳುವವಳಿಗೆ ಇದು ಹೊಸದೇನಲ್ಲ.

ನನ್ನ ತಮ್ಮನ ಕಾರಿನ ಕಥೆಗೆ ಮುಖ್ಯವಾದ ಬದಲಾವಣೆ ಬೇರೆಯದು. ಮೊದಲಿನ ಬಗ್ಗಿಗಳಲ್ಲಿ ಮೋಟರು ಹಿಂಗಾಲಿಯ ಅಚ್ಚಿಗಿಂತ ಹಿಂದೆ ಇರುತ್ತಿತ್ತು. ಸಡಿಲ ಮಣ್ಣಿನಲ್ಲಿ ಹಿಂಗಾಲಿಗಳ ಮೇಲೆ ಭಾರ ಇದ್ದರೆ ಅವು ನೆಲ ಕಚ್ಚುತ್ತವೆ. ಆಮೇಲೆ ಪಂದ್ಯದ ಅಂಕಣಗಳೇ ಬದಲಾದವು. ನೀರು ಹೊಡೆದು ಗಟ್ಟಿ ಮಾಡಿದ ಜೇಡಿಮಣ್ಣು, ಪ್ಲಾಸ್ಟಿಕ್ ಹುಲ್ಲು, ಯುರೋಪಿನ ಒಳಾಂಗಣಗಳಲ್ಲಂತೂ ಕಾರ್ಪೆಟ್ಟು. ಅಲ್ಲಿ ಹಿಡಿತಕ್ಕೆ ಕೊರತೆಯಿಲ್ಲ. ಬೇಕಾದದ್ದು ಚುರುಕಾದ ತಿರುವು. ಆದ್ದರಿಂದ ಸುಮಾರು 2010ರ ನಂತರದ ವರ್ಷಗಳಲ್ಲಿ ಮೋಟರು ಅಚ್ಚಿನ ಮುಂದಕ್ಕೆ, ಕಾರಿನ ನಡುವಿಗೆ ಸರಿಯಿತು. ಕ್ರಮೇಣ ಅದೇ ಮುಖ್ಯ ಮಾದರಿಯಾಯಿತು. ಹೊಸದು ಎಂದರೆ ಅದು, ಮುಂದುವರಿದದ್ದು ಎಂದರೆ ಅದು. ನೆಲ ಬದಲಾದದ್ದಕ್ಕೆ ಕಾರು ಬದಲಾಯಿತು ಎಂಬುದು ಜಾಹೀರಾತುಗಳಲ್ಲಿ ಇರುವುದಿಲ್ಲ.

ಈ ಕಾರನ್ನು ಅವನು ತಂದು ಬಿಟ್ಟದ್ದು ಕಬ್ಬು ಕಟಾವಾದ ನಮ್ಮ ಹೊಲದ ಅಂಚಿನ ದಾರಿಯಲ್ಲಿ. ಕೃಷ್ಣೆಯ ದಂಡೆಯ ಎರೆಮಣ್ಣು. ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ತಿಂಗಳುಗಟ್ಟಲೆ ತುಳಿದು, ಹಿಟ್ಟಿನಂಥ ಧೂಳು ಒಂದು ಬೆರಳು ದಪ್ಪ ಕೂತಿತ್ತು. ಹಾಳೆಯಲ್ಲಿದ್ದುದನ್ನು ಒಂದೂ ಬಿಡದೆ ಹೊಂದಿಸಿದ್ದ. ಗುಂಡಿ ಒತ್ತಿದ. ಕಾರು ಇದ್ದಲ್ಲೇ ಗಿರಗಿರ ತಿರುಗಿ ನಮ್ಮ ಕಡೆ ಮುಖ ಮಾಡಿ ನಿಂತಿತು. ಮತ್ತೆ ಒತ್ತಿದ, ಮತ್ತೆ ಅದೇ. ಹತ್ತು ಸಲ ಆದಮೇಲೆ, ಬದುವಿನ ಮೇಲೆ ಕೂತು ನೋಡುತ್ತಿದ್ದ ಕಾಕಾ ಎದ್ದು ಬಂದರು.

“ಹಿಂದ ಭಾರಾನ ಇಲ್ಲಲ್ಲೋ ತಮ್ಮಾ ಇದಕ್ಕ. ಹೆಂಗ ಹಿಡೀತೈತಿ ನೆಲಾ?”

“ಅಪ್ಪಾ, ಇದು ಹೊಸಾ ಮಾಡೆಲ್ ಐತಿ. ಹಂಗ ಇರತೈತಿ ಇದು.”

“ಹೊಸಾದ ಇರಲಿ. ಓಡಬೇಕಲ್ಲೋ ಮತ್ತ?”

ಕಾಕಾ ಚಕ್ಕಡಿ ಹೂಡಿದ ಕಾಲದವರು. ಹೇರು ಹಾಕುವಾಗ ಮುಂಭಾರವಾದರೆ ನೊಗ ಎತ್ತುಗಳ ಹೆಗಲಿಗೆ ಒತ್ತುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಈ ಎರಡು ಶಬ್ದದಲ್ಲಿ ಒಂದು ಶಾಸ್ತ್ರವೇ ಇದೆ. ಟ್ರ್ಯಾಕ್ಟರ್ ಬಂದಮೇಲೂ ಅದು ಕೆಲಸಕ್ಕೆ ಬರುತ್ತದೆ; ಕಬ್ಬಿನ ಟ್ರ್ಯಾಲಿ ಎಳೆಯುವಾಗ ಮುಂಗಾಲಿ ನೆಲ ಬಿಟ್ಟೇಳುವ ಟ್ರ್ಯಾಕ್ಟರುಗಳನ್ನು ನಮ್ಮ ಕಡೆ ಯಾರು ನೋಡಿಲ್ಲ? ಕಾಕಾ ಟ್ರ್ಯಾಕ್ಟರಿನ ಡಬ್ಬಿಯಿಂದ ಎರಡು ದಪ್ಪ ನಟ್ಟು ತಂದು ಕಾರಿನ ಹಿಂಬದಿಗೆ ಇನ್ಸುಲೇಷನ್ ಟೇಪಿನಿಂದ ಸುತ್ತಿದರು. ಕಾರು ಓಡಿತು. ಇದೇ ಕೆಲಸಕ್ಕೆ ಕಂಪನಿಗಳು ಹಿತ್ತಾಳೆಯ ತೂಕಗಳನ್ನು ಬೇರೆಯಾಗಿ ಮಾರುತ್ತವೆ ಎಂದು ತಮ್ಮ ಆಮೇಲೆ ಹೇಳಿದ, ತುಸು ನಾಚಿಕೊಂಡು.

ಇಲ್ಲಿಗೆ ನಿಲ್ಲಿಸಿದರೆ ಹಳ್ಳಿಯ ಜಾಣತನ ಗೆದ್ದಿತು, ವಿದೇಶಿ ಹಾಳೆ ಸೋತಿತು ಎಂಬ ಕಥೆಯಾಗುತ್ತದೆ. ಅಂಥ ಕಥೆಗಳನ್ನು ನಮ್ಮಲ್ಲಿ ಬೇಕಾದಷ್ಟು ಬರೆದಿದ್ದೇವೆ. ನಡೆದದ್ದು ಹಾಗಲ್ಲ. ನೇರ ದಾರಿಯಲ್ಲಿ ಬಾಣದಂತೆ ಹೋದ ಕಾರು ತಿರುವಿನಲ್ಲಿ ತಿರುಗಲೇ ಇಲ್ಲ. ಹಿಂಭಾರ ಹೆಚ್ಚಾಗಿ ಮುಂಗಾಲಿ ಹಗುರವಾಗಿತ್ತು. ಸೀದಾ ಹೋಗಿ ಕಬ್ಬಿನ ಕೂಳೆಗೆ ಬಡಿದು ಮುಂದಿನ ಸಸ್ಪೆನ್ಷನ್ ಆರ್ಮ್ ಮುರಿಯಿತು. ಕಾಕಾ ಒಂದು ನಟ್ಟು ತೆಗೆದರು, ಸ್ಥಳ ಬದಲಿಸಿದರು, ತಲೆ ಕೆರೆದುಕೊಂಡರು. ಆಗ ಮತ್ತೆ ಆ ಹಾಳೆಯೇ ಬೇಕಾಯಿತು. ಹಿಂದೆ ಒಂದು ಬದಲಿಸಿದರೆ ಮುಂದೆ ಏನಾಗುತ್ತದೆ, ಅದಕ್ಕೆ ಸ್ಪ್ರಿಂಗಿನಲ್ಲಿ ಪರಿಹಾರವೋ ಎಣ್ಣೆಯಲ್ಲೋ ಗಾಲಿಯ ವಾಲಿಕೆಯಲ್ಲೋ ಎಂಬ ಲೆಕ್ಕಾಚಾರಕ್ಕಾಗಿಯೇ ಅಷ್ಟೊಂದು ಚೌಕಗಳು ಇರುವುದು.

ಹಾಳೆಯನ್ನು ಮತ್ತೊಮ್ಮೆ ಓದುವಾಗ, ಮೊದಲ ಓದಿನಲ್ಲಿ ನಾವಿಬ್ಬರೂ ದಾಟಿಹೋಗಿದ್ದ ಒಂದು ಮೂಲೆ ಕಂಡಿತು. ಅಂಕಣ ಎಂಥದು ಎಂದು ಗುರುತು ಹಾಕುವ ಸಣ್ಣ ಚೌಕಗಳು. ಒಳಾಂಗಣವೋ ಹೊರಾಂಗಣವೋ, ಮಣ್ಣೋ ಹುಲ್ಲೋ ಕಾರ್ಪೆಟ್ಟೋ, ಸಪಾಟೋ ತಗ್ಗುದಿಣ್ಣೆಯೋ, ಹಿಡಿತ ಹೆಚ್ಚೋ ಕಡಿಮೆಯೋ. ಆ ಸ್ಪರ್ಧಿ ಪ್ರಾಮಾಣಿಕವಾಗಿ ‘ಕಾರ್ಪೆಟ್, ಹಿಡಿತ ಹೆಚ್ಚು’ ಎಂದು ಗುರುತು ಹಾಕಿಯೇ ಇದ್ದ. ಅವನ ತಪ್ಪೇನೂ ಇಲ್ಲ. ಹಾಳೆ ತನ್ನ ನೆಲದ ಹೆಸರನ್ನು ಹೇಳಿಕೊಂಡಿತ್ತು; ನಾವು ಓದದೆ ಅಂಕಿಗಳನ್ನು ಮಾತ್ರ ನಕಲು ಮಾಡಿದೆವು.

ನನಗೆ ಕಸಿವಿಸಿಯಾದದ್ದು ಇಲ್ಲಿ. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ರೋಜೆ ಕಯ್ವಾ ಇದ್ದಾನೆ. 1958ರಲ್ಲಿ ಫ್ರೆಂಚ್‌ನಲ್ಲಿ ಬಂದ ಅವನ ಪುಸ್ತಕ ಆಟಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ: ಸ್ಪರ್ಧೆ, ಅದೃಷ್ಟ, ಅನುಕರಣೆ, ತಲೆತಿರುಗಿಸುವ ಮತ್ತು. ಜೊತೆಗೆ ಒಂದು ದಾರಿಯನ್ನೂ ತೋರಿಸುತ್ತದೆ. ಮಕ್ಕಳ ಅಡೆತಡೆಯಿಲ್ಲದ ಕುಣಿದಾಟ ಒಂದು ತುದಿ, ಬೇಕೆಂದೇ ಹಾಕಿಕೊಂಡ ಕಷ್ಟಗಳ, ನಿಯಮಗಳ ಆಟ ಇನ್ನೊಂದು ತುದಿ. ಅಂಗಳದ ನಮ್ಮ ಎರಡು ಕಾರುಗಳಿಂದ ಈ ಸೆಟಪ್ ಶೀಟಿನವರೆಗಿನ ಪ್ರಯಾಣವನ್ನು ಅವನ ಮಾತಿನಲ್ಲಿ ಚೆಂದವಾಗಿ ವಿವರಿಸಬಹುದು. ಜಾತ್ರೆಯ ಶರ್ಯತ್ತುಗಳನ್ನೂ ನಾನು ಹಾಗೇ ವಿವರಿಸಿದ್ದೆ. ಮೂರು ವರ್ಷ ಅವನ ನಾಲ್ಕು ಖಾನೆಗಳಲ್ಲಿ ಐನಾಪುರ, ಕಾಗವಾಡ, ಅಥಣಿಯ ಆಟಗಳನ್ನು ಹಂಚಿ ಹಾಕಿದೆ. ಯಾವುದು ಯಾವ ಖಾನೆಗೂ ಸರಿಯಾಗಿ ಕೂರದಿದ್ದರೂ ನೂಕಿದೆ. ಕಯ್ವಾ ಯಾವ ಆಟಗಳನ್ನು ನೋಡಿ, ಯಾವ ಪುಸ್ತಕಗಳನ್ನು ಓದಿ ಆ ವಿಂಗಡಣೆ ಮಾಡಿದ ಎಂಬುದು ಅವನ ಪುಸ್ತಕದೊಳಗೇ ಇದೆ. ಅದು ನನ್ನ ಹಾಳೆಯ ಮೂಲೆ. ನಾನು ಅಂಕಿಗಳನ್ನು ಬರೆದುಕೊಂಡು ಬಂದಿದ್ದೆ.

ಶರ್ಯತ್ತನ್ನೇ ನೋಡಿ. ನಮ್ಮ ಗಡಿಭಾಗದಲ್ಲಿ ಓಟದ ಪಂದ್ಯಕ್ಕೆ ಶರ್ಯತ್ತು ಅನ್ನುತ್ತೇವೆ. ಮರಾಠಿಯಲ್ಲೂ ಅದೇ ಶಬ್ದ. ಕರಾರು ಎಂಬರ್ಥದ ಷರತ್ತು ಕೂಡ ಅದೇ ಬೇರಿನದು. ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಒಂದು ಕುದುರೆ ಒಂದು ಎತ್ತು ಕಟ್ಟಿದ ಗಾಡಿ ಎಂದು ಬಗೆಗಳು. ಶರ್ಯತ್ತಿನ ಗಾಡಿ ಹೊಲದ ಗಾಡಿಯಲ್ಲ, ಓಟಕ್ಕೆಂದೇ ಹಗುರಾಗಿ ಮಾಡಿಸಿದ್ದು. ಎತ್ತನ್ನು ಸಾಕುವುದು, ತಿನ್ನಿಸುವುದು, ಜೋಡಿ ಕೂಡಿಸುವುದು ಒಂದೊಂದೂ ಬೇರೆ ವಿದ್ಯೆ. ಹೊಲ ಉಳುವವನ ಕೈಗೆಟಕುವ ಎತ್ತಲ್ಲ ಅದು. ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಇಂಥ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದುಪಡಿ ಮಾಡಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶರ್ಯತ್ತಿಗೆ ಈಗ ಷರತ್ತುಗಳಿವೆ. ಹಳ್ಳಿಯ ಆಟ ಸರಳ, ಪಟ್ಟಣದ ಹವ್ಯಾಸ ಜಟಿಲ ಎಂಬ ಮಾತು ಅರ್ಥವಿಲ್ಲದ್ದು ಎಂದು ಹೇಳಲು ಇಷ್ಟು ಸಾಕು.

ವ್ಯತ್ಯಾಸ ಎರಡು ಕಡೆ ಇದೆ. ಒಂದು, ಶರ್ಯತ್ತಿನ ಜಟಿಲತೆಯ ಭಾರ ಕೊನೆಗೆ ಬೀಳುವುದು ಬಾಯಿಲ್ಲದ ಪ್ರಾಣಿಯ ಮೇಲೆ. ಪ್ಲಾಸ್ಟಿಕ್ಕಿನ ಬಗ್ಗಿ ಉರುಳಿ ಬಿದ್ದರೆ ಮುರಿಯುವುದು ಒಂದು ಆರ್ಮ್ ಮಾತ್ರ. ಶರ್ಯತ್ತಿನ ಬಗ್ಗೆ ಭಾವುಕವಾಗಿ ಬರೆಯುವ ನನ್ನಂಥವರು ಈ ಮಾತನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತೇವೆ. ಎರಡು, ಶರ್ಯತ್ತಿನ ವಿದ್ಯೆ ಮಾತಿನಲ್ಲಿದೆ. ಮೈದಾನದ ಅಂಚಿನಲ್ಲಿ ನಿಂತ ಹುಡುಗನ ಕಿವಿಗೆ ಅದು ಬೀಳುತ್ತದೆ (ಹುಡುಗಿಯ ಕಿವಿಗೆ ಬೀಳುವುದಿಲ್ಲ, ಅವಳು ಅಲ್ಲಿ ಇರುವುದಿಲ್ಲ). ಬಗ್ಗಿಯ ವಿದ್ಯೆಗೆ ಕನ್ನಡದಲ್ಲಿ ಮಾತೇ ಇಲ್ಲ. ಗಾಲಿಯ ವಾಲಿಕೆಯನ್ನು ನನ್ನ ತಮ್ಮ ‘ಕ್ಯಾಂಬರ್’ ಎಂದೇ ಕಲಿತ. ಇಂಗ್ಲಿಷ್ ಹಾಳೆ ಓದಲು ಬಾರದವನಿಗೆ ಈ ಹವ್ಯಾಸದ ಬಾಗಿಲು ಅರ್ಧ ಮುಚ್ಚಿದೆ. ಹತ್ತಾರು ಸಾವಿರ ರೂಪಾಯಿ ಇಲ್ಲದವನಿಗೆ ಉಳಿದರ್ಧವೂ.

ಇವತ್ತಿನ ಮಾರುಕಟ್ಟೆಯ ಮೇಲೆ ನನ್ನ ತಕರಾರು ಇರುವುದೂ ಇಲ್ಲಿಯೇ. ಕಟ್ಟಬೇಕಾದ ಪೆಟ್ಟಿಗೆಯ ಜಾಗಕ್ಕೆ, ತೆಗೆದರೆ ಓಡುವ ತಯಾರಿ ಕಾರುಗಳು ಬಂದಿವೆ. ಆರಂಭ ಸುಲಭವಾಯಿತು ಎಂಬುದೇನೋ ನಿಜ. ಆದರೆ ಓಡಿಸುವವನು ಒಳಗಿನದನ್ನು ಅರಿಯದೆ ವರ್ಷ ಕಳೆಯಬಹುದು, ಸ್ಪರ್ಧೆಗೆ ಹೋದ ದಿನ ಹತ್ತಿಪ್ಪತ್ತು ಚೌಕಗಳ ಹಾಳೆ ಒಮ್ಮೆಲೇ ಮುಖಕ್ಕೆ ಬಡಿಯುತ್ತದೆ. ನಡುವಿನ ಮೆಟ್ಟಿಲುಗಳು ಕಾಣೆಯಾಗಿವೆ. ರೋಲಾಂ ಬಾರ್ತ್ 1957ರ ತನ್ನ ಪುಸ್ತಕದಲ್ಲಿ ಫ್ರಾನ್ಸಿನ ಆಟಿಕೆಗಳ ಬಗ್ಗೆ ಬರೆಯುತ್ತ, ಅವು ಮಗುವನ್ನು ಕಟ್ಟುವವನನ್ನಾಗಿ ಮಾಡದೆ ಬಳಸುವವನನ್ನಾಗಿ ಮಾಡುತ್ತವೆ ಎಂದು ಗೊಣಗಿದ್ದ. ಮರದ ಆಟಿಕೆಯನ್ನು ಹೊಗಳಿ ಪ್ಲಾಸ್ಟಿಕ್ಕನ್ನು ತೆಗಳಿದ್ದ. ಅದನ್ನು ಓದಿದಾಗ ನನಗೆ ನೆನಪಾದದ್ದು ಜೋಳದ ದಂಟು. ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಸುಲಿದ ಸಿಬಿರನ್ನೇ ಮೊಳೆಯಾಗಿ ಚುಚ್ಚಿ ಚಕ್ಕಡಿ ಕಟ್ಟುತ್ತಿದ್ದೆವು. ಅಚ್ಚು, ಗಾಲಿ, ನೊಗ, ಕಡಾಣಿ ಎಲ್ಲವೂ ಇರುತ್ತಿದ್ದವು. ಆದರೆ ಅದು ಓಡುತ್ತಿರಲಿಲ್ಲ. ಎಳೆದರೆ ಎರಡು ಮಾರು ಬಂದು ಕಳಚಿ ಬೀಳುತ್ತಿತ್ತು. ಬಾರ್ತ್‌ನ ಹೊಗಳಿಕೆಯಲ್ಲಿ ಈ ಭಾಗ ಇಲ್ಲ.

ಮುರಿದ ಆರ್ಮಿಗೆ ತಮ್ಮ ಆನ್‌ಲೈನಿನಲ್ಲಿ ಬೇಡಿಕೆ ಸಲ್ಲಿಸಿದ. ಹೊರದೇಶದಿಂದ ಬರಬೇಕು, ಮೂರು ವಾರ ಕಾದರೂ ಬರಲಿಲ್ಲ. ಬಂದಾಗ ಎಡದ್ದರ ಬದಲು ಬೇರೆ ಮಾದರಿಯದು ಬಂತು. ಅಷ್ಟರಲ್ಲಿ ಕಾಕು ಎಂದೂ ಬಳಸದೆ ಅಟ್ಟದ ಮೇಲೆ ಇಟ್ಟಿದ್ದ, ಯಾರದೋ ಮದುವೆಯಲ್ಲಿ ಉಡುಗೊರೆ ಬಂದ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಕೆಳಗಿಳಿದಿತ್ತು. ನಮ್ಮಲ್ಲಿ ಈಗಲೂ ಈಳಿಗೆಯೇ. ಹಲಗೆಯ ಮೇಲೆ ಮುರಿದ ಆರ್ಮನ್ನಿಟ್ಟು ಗೆರೆ ಎಳೆದು, ಗರಗಸದಿಂದ ಕೊಯ್ದು, ಕಾನಸಿನಿಂದ ಉಜ್ಜಿ, ತೂತು ಕೊರೆದು ಹೊಸ ಆರ್ಮ್ ಮಾಡಿದ. ಮೊದಲನೆಯದು ಎರಡು ಮಿಲಿಮೀಟರ್ ಉದ್ದವಾಗಿ ಗಾಲಿ ಸೊಟ್ಟಗಾಯಿತು. ಎರಡನೆಯದರ ತೂತು ಸೀಳಿತು. ಮೂರನೆಯದು ಕೂತಿತು. ತುಸು ದಪ್ಪ, ತುಸು ಭಾರ. ಮುಂಗಾಲಿಗೆ ಭಾರ ಬಂದದ್ದರಿಂದ ತಿರುವಿನಲ್ಲಿ ಕಾರು ಮೊದಲಿಗಿಂತ ಚೆನ್ನಾಗಿ ತಿರುಗತೊಡಗಿತು. ಬೇಕೆಂದು ಮಾಡಿದ್ದಲ್ಲ, ಆದದ್ದು.

ರಜೆ ಮುಗಿಯುವ ಹೊತ್ತಿಗೆ ಅವನು ತನ್ನದೇ ಒಂದು ಹಾಳೆ ಬರೆದ. ರೂಲ್ ಹಾಕಿದ ನೋಟ್‌ಬುಕ್ಕಿನ ಹಾಳೆ. ಮೇಲಿನ ಸಾಲಿನಲ್ಲೇ ನೆಲ: ಎರೆ, ಒಣ, ಕಬ್ಬು ಕಡಿದ ಮೇಲೆ. ಅದರ ಕೆಳಗೆ ಎಣ್ಣೆ, ಸ್ಪ್ರಿಂಗ್, ವಾಲಿಕೆ. ಹಿಂಭಾರ ಎಂಬುದಕ್ಕೆ ಒಂದು ಚೌಕ, ಅದರಲ್ಲಿ ‘ಟ್ರ್ಯಾಕ್ಟರ್ ನಟ್ಟು 1, ನಡುವೆ’. ನಾನು ಅದರ ಫೋಟೊ ತೆಗೆದುಕೊಂಡೆ. ಪ್ರಬಂಧದ ಎರಡನೇ ಅಧ್ಯಾಯವನ್ನು ಮತ್ತೆ ಬರೆಯುವುದಾಗಿ ಮಾರ್ಗದರ್ಶಕರಿಗೆ ಹೇಳಿದೆ. ಅವರು ಅವಧಿ ವಿಸ್ತರಣೆಯ ಅರ್ಜಿಯ ಬಗ್ಗೆ ಮಾತ್ರ ವಿಚಾರಿಸಿದರು.

ಮುಂದಿನ ತಿಂಗಳು ಉತ್ಸವದ ಪಂದ್ಯ ನಡೆದದ್ದು ಕಾಲೇಜಿನ ಕಾಂಕ್ರೀಟ್ ಅಂಗಳದಲ್ಲಿ. ಸುಣ್ಣದ ಗೆರೆ, ತಿರುವುಗಳಿಗೆ ಹಳೆಯ ಟೈರು. ಇವನು ಏಳನೆಯವನಾಗಿ ಬಂದ. ರಾತ್ರಿ ಫೋನ್ ಮಾಡಿದ್ದ.

“ಅಕ್ಕಾ, ಅಪ್ಪಾನ ನಟ್ಟು ಬಿಚ್ಚಿ ಕಿಸೆದಾಗ ಇಟಗೊಂಡ ಓಡಿಸಿದ್ನಿ. ಇಲ್ಲಿ ನೆಲಾನ ಬ್ಯಾರೆ ಐತಿ.”

ಆರ್ಮ್ ಏನಾಯಿತು ಎಂದು ಕೇಳಿದೆ.

“ಅದಕ್ಕೇನಾಗಿಲ್ಲ. ಕಾಂಕ್ರೀಟ್‌ಗೆ ಬ್ಯಾರೆ ಟೈರ ಬೇಕವಾ. ಇಲ್ಲೇ ಒಬ್ಬಾಂವನ ಕಡೆ ಹಳೇವು ಅದಾವಂತ, ನಾಳೆ ನೋಡಾಕ ಹೊಂಟೇನಿ.”